ಹೊಲದ ಲಾರಿ ಅಂಗೈಗೆ ಬಂದ ಕಥೆ

ರಾಜರ ಕಾರುಗಳು ಉಳಿದಿವೆ. ಸಿನಿಮಾ ನಟರ ಕಾರುಗಳೂ ಉಳಿದಿವೆ. ಆದರೆ ಸಂತೆಗೆ ಮೂಟೆ ಹೊತ್ತ ಲಾರಿ, ಹಾಲಿನ ಕ್ಯಾನ್ ಹೊತ್ತ ವ್ಯಾನ್ ಉಳಿಯುವುದು ಬಲು ಅಪರೂಪ. ಓಡುವಷ್ಟು ದಿನ ಓಡಿಸುತ್ತೇವೆ. ನಿಂತ ಮೇಲೆ ಎಂಜಿನ್ ಬಿಚ್ಚಿ ಮಾರುತ್ತೇವೆ. ಟೈರು ಬಂಡಿಗೆ ಹೋಗುತ್ತದೆ, ಹಲಗೆ ಒಲೆಗೆ ಹೋಗುತ್ತದೆ, ಉಳಿದದ್ದನ್ನು ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ. ದುಡಿದ ಗಾಡಿಗೆ ಚರಿತ್ರೆ ಇರುತ್ತದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಅಮೆರಿಕದಲ್ಲೂ ಹೀಗೇ ಆಯಿತು. ಆದರೆ ಅಲ್ಲಿ ಒಂದು ವಿಚಿತ್ರ ನಡೆಯಿತು. ಹೊಲದ ಟ್ರಕ್ಕುಗಳು, ಅಂಗಡಿಯ ಸಾಮಾನು ಮನೆಮನೆಗೆ ಮುಟ್ಟಿಸುತ್ತಿದ್ದ ವ್ಯಾನುಗಳು ರಸ್ತೆಯಿಂದ ಮಾಯವಾದರೂ ಕಪಾಟಿನಲ್ಲಿ ಉಳಿದುಕೊಂಡವು. ಅಳತೆ ತಪ್ಪದ ಚಿಕ್ಕ ಮಾದರಿಗಳಾಗಿ ಉಳಿದವು. ಈ ಕಥೆಯಲ್ಲಿ ಆಟಿಕೆ ಇದೆ, ರೈತನ ಸಾಲ ಇದೆ, ಗುಜರಿ ಕಬ್ಬಿಣ ಇದೆ. ಕೊನೆಗೆ ನಮ್ಮ ಊರಿನ ಲಾರಿಯ ಪ್ರಶ್ನೆಯೂ ಇದೆ.

ಬಾಡಿ ಇಲ್ಲದ ಟ್ರಕ್

ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಎಂಬ ಕಾರನ್ನು ಮಾರುಕಟ್ಟೆಗೆ ತಂದ. 1927ರಲ್ಲಿ ನಿಲ್ಲಿಸುವ ಹೊತ್ತಿಗೆ ಒಂದೂವರೆ ಕೋಟಿ ಕಾರು ತಯಾರಾಗಿದ್ದವು. ಅದನ್ನು ಕೊಂಡವರಲ್ಲಿ ರೈತರು ಬಹಳ. ಅವರು ಅದನ್ನು ಬರೀ ಓಡಾಟಕ್ಕೆ ಬಳಸಲಿಲ್ಲ. ಹಿಂದಿನ ಗಾಲಿಯನ್ನು ಜಾಕಿ ಕೊಟ್ಟು ಎತ್ತಿ, ಬೆಲ್ಟ್ ಕಟ್ಟಿ, ಕಟ್ಟಿಗೆ ಕೊಯ್ಯುವ ಗರಗಸ ತಿರುಗಿಸಿದರು. ಹಿಂದಿನ ಸೀಟು ಕಿತ್ತು, ಹಲಗೆ ಬಡಿದು, ಹಂದಿಮರಿ, ಕೋಳಿ, ಆಲೂಗಡ್ಡೆ ಸಾಗಿಸಿದರು.

ರೈತರ ಈ ಕೈಚಳಕವನ್ನು ಕಂಪನಿ ಗಮನಿಸದೇ ಇರಲಿಲ್ಲ. 1917ರಲ್ಲಿ ಫೋರ್ಡ್ ಒಂದು ಟನ್ ಭಾರ ಹೊರುವ ಮಾಡೆಲ್ ಟಿಟಿ ತಂದಿತು. ಬೆಲೆ 600 ಡಾಲರ್. ಆ ಬೆಲೆಗೆ ಸಿಗುತ್ತಿದ್ದದ್ದು ಚಾಸಿ ಮಾತ್ರ. ಎಂಜಿನ್, ಚೌಕಟ್ಟು, ಗಾಲಿ, ಅಷ್ಟೆ. ಚಾಲಕ ಕೂರುವ ಜಾಗವನ್ನೂ ಸರಕಿನ ತೊಟ್ಟಿಯನ್ನೂ ಕೊಂಡವನೇ ಕಟ್ಟಿಸಿಕೊಳ್ಳಬೇಕು.

ಇದು ನಮಗೆ ಹೊಸದೇನಲ್ಲ. ನಮ್ಮಲ್ಲೂ ಲಾರಿ ಕಂಪನಿಯಿಂದ ಚಾಸಿಯಾಗಿ ಹೊರಟು, ನಾಮಕ್ಕಲ್, ತಿರುಚೆಂಗೋಡಿನಂಥ ಊರುಗಳಲ್ಲಿ ಬಾಡಿ ಕಟ್ಟಿಸಿಕೊಂಡು ಬರುವುದನ್ನು ಕಂಡಿದ್ದೇವೆ. ಅಮೆರಿಕದ ಹಳ್ಳಿಗಳಲ್ಲಿ ಆ ಕೆಲಸ ಊರ ಬಡಗಿ, ಕಮ್ಮಾರರ ಪಾಲಿಗೆ ಬಂತು. ಧಾನ್ಯ ಹೊರುವವನು ಎತ್ತರದ ಹಲಗೆ ಹಾಕಿಸಿದ. ದನ ಸಾಗಿಸುವವನು ಕಟಕಟೆ ಹಾಕಿಸಿದ. ಹಾಲಿನವನು ಮೇಲ್ಚಾವಣಿ ಹಾಕಿಸಿದ. ಬ್ರೆಡ್ ಅಂಗಡಿಯವನು ಪೆಟ್ಟಿಗೆಯಂತೆ ಮುಚ್ಚಿಸಿ, ಪಕ್ಕದಲ್ಲಿ ತನ್ನ ಹೆಸರು ಬರೆಸಿದ. ಕಾರ್ಖಾನೆಯಲ್ಲೇ ತೊಟ್ಟಿ ಕೂಡಿಸಿದ ಮಾಡೆಲ್ ಟಿ ಪಿಕಪ್ ಬಂದದ್ದು 1925ರಲ್ಲಿ, 281 ಡಾಲರಿಗೆ.

ಇಲ್ಲಿ ಒಂದು ಮಾತು ನೆನಪಿಡಿ. ಎಂಜಿನ್ನಿನ ನಕ್ಷೆ ಕಂಪನಿಯಲ್ಲಿ ಇತ್ತು. ಆದರೆ ಬಾಡಿಯ ನಕ್ಷೆ ಎಲ್ಲೂ ಇರಲಿಲ್ಲ. ಅದು ಬಡಗಿಯ ತಲೆಯಲ್ಲಿ ಇತ್ತು. ಬಡಗಿ ತೀರಿಕೊಂಡ, ಲಾರಿ ಗುಜರಿಗೆ ಹೋಯಿತು ಎಂದರೆ ಆ ಅಳತೆಯೂ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಊರೂರಲ್ಲಿ ಗುಜರಿ ಕಬ್ಬಿಣ ಸಂಗ್ರಹಿಸಿದಾಗ ಹೊಲದ ಬದಿಯಲ್ಲಿ ನಿಂತಿದ್ದ ಹಳೆಯ ಟ್ರಕ್ಕು, ಹಳೆಯ ಯಂತ್ರಗಳು ಕುಲುಮೆ ಸೇರಿದವು.

ಗುಜರಿ ತಗಡಿನ ಆಟಿಕೆ

ಟ್ರಕ್ ಹುಟ್ಟಿದ ಕೆಲವೇ ವರ್ಷಗಳಲ್ಲಿ ಆಟಿಕೆ ಟ್ರಕ್ಕೂ ಹುಟ್ಟಿತು. ಇಲಿನಾಯ್ ರಾಜ್ಯದ ಫ್ರೀಪೋರ್ಟ್ ಎಂಬ ಊರಿನಲ್ಲಿ ಆರ್ಕೇಡ್ ಎಂಬ ಕಂಪನಿ ಬೀಡು ಕಬ್ಬಿಣ ಎರಕ ಹೊಯ್ದು ಟ್ರಕ್, ಟ್ರ್ಯಾಕ್ಟರ್ ಮಾಡುತ್ತಿತ್ತು. ನೋಡಲು ನಿಜದ್ದರಂತೆಯೇ ಇವೆ ಎಂಬುದೇ ಅದರ ಜಾಹೀರಾತು. ಅಲ್ಲಿಯವರೆಗೆ ಆಟಿಕೆ ಗಾಡಿ ಎಂದರೆ ಗಾಡಿಯಂಥದ್ದು. ಆರ್ಕೇಡ್ ಗಾಡಿಯನ್ನು ಕಂಡ ಹುಡುಗ, ಇದು ಇಂಥ ಕಂಪನಿಯ ಇಂಥ ಟ್ರಕ್ ಎಂದು ಗುರುತಿಸಬಹುದಿತ್ತು.

ಅದೇ ರಾಜ್ಯದ ಮೋಲೀನ್ ಪ್ರದೇಶದಲ್ಲಿ ಫ್ರೆಡ್ ಲುಂಡಾಲ್ ಎಂಬಾತನ ತಗಡಿನ ಕಾರ್ಖಾನೆ ಇತ್ತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಟ್ರಕ್ಕುಗಳಿಗೆ ಬೇಕಾದ ಮಡ್‌ಗಾರ್ಡ್ ಅಲ್ಲಿ ತಯಾರಾಗುತ್ತಿತ್ತು. 1920ರ ಸುಮಾರಿಗೆ ಲುಂಡಾಲ್ ಕಾರ್ಖಾನೆಯಲ್ಲಿ ಬಿದ್ದಿದ್ದ ಚೂರು ತಗಡಿನಿಂದ ಮಗನಿಗೆ ಒಂದು ಟ್ರಕ್ ಮಾಡಿಕೊಟ್ಟ. ಮಗನನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಬಡ್ಡಿ ಎಂದು. ನೆರೆಮನೆಯ ಮಕ್ಕಳೂ ಬೇಕೆಂದರು. 1921ರಿಂದ ಅದು 'ಬಡ್ಡಿ ಎಲ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಸುಮಾರು 2 ಅಡಿ ಉದ್ದದ ಉಕ್ಕಿನ ಗಾಡಿ ಅದು, ಮಗು ಮೇಲೆ ಕೂತರೂ ಬಗ್ಗುತ್ತಿರಲಿಲ್ಲ. ನಿಜದ ಟ್ರಕ್ಕಿನ ಬಿಡಿಭಾಗ ತಯಾರಾಗುವ ಜಾಗದಲ್ಲೇ, ಅದೇ ತಗಡಿನಲ್ಲೇ ಹುಟ್ಟಿದ ಆಟಿಕೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದುಡಿಯುವವರ ಮಕ್ಕಳು ದುಡಿಮೆಯ ಸಾಮಾನನ್ನೇ ಚಿಕ್ಕದು ಮಾಡಿ ಆಡುತ್ತಾರೆ. ಜೋಳದ ದಂಟಿನ ಬಂಡಿ ಕಟ್ಟಿದ ಉತ್ತರ ಕರ್ನಾಟಕದ ಮಕ್ಕಳಿಗೆ ಇದು ಗೊತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗೈ ಅಗಲದ ಎತ್ತು ಮಾಡಿ ಪೂಜಿಸುವ ದೊಡ್ಡವರಿಗೂ ಗೊತ್ತು.

ರೈಲಿಗೆ ಜೊತೆಯಾದ ವ್ಯಾನ್

ಇಂಗ್ಲೆಂಡಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತನ ಮೆಕ್ಯಾನೋ ಕಂಪನಿ ಆಟಿಕೆ ರೈಲು ಮಾಡುತ್ತಿತ್ತು. ರೈಲು ನಿಲ್ದಾಣ ಇದ್ದರೆ ಸಾಲದು, ನಿಲ್ದಾಣದ ಹೊರಗೆ ಸರಕು ಇಳಿಸಿಕೊಳ್ಳುವ ಗಾಡಿಯೂ ಬೇಕಲ್ಲ? 1933ರ ಕೊನೆಗೆ ಚಿಕ್ಕ ಲೋಹದ ಗಾಡಿಗಳ ಒಂದು ಸೆಟ್ ಬಂತು. ಅದರಲ್ಲಿ ಒಂದು ಲಾರಿಯೂ ಇತ್ತು. ಮರುವರ್ಷ ಅವಕ್ಕೆ 'ಡಿಂಕಿ ಟಾಯ್ಸ್' ಎಂಬ ಹೆಸರು ಬಿತ್ತು.

ಆ ರೈಲಿನ ಲೆಕ್ಕ ಹೀಗಿತ್ತು: ನಿಜದ 1 ಅಡಿಗೆ ಮಾದರಿಯಲ್ಲಿ 7 ಮಿಲಿಮೀಟರ್. ಅಂದರೆ ಸುಮಾರು 43ರಲ್ಲಿ ಒಂದು ಪಾಲು. ಇಂದಿಗೂ ಲೋಕದ ಎಷ್ಟೋ ಮಾದರಿ ಕಾರು, ಲಾರಿಗಳು 1:43 ಅಳತೆಯಲ್ಲಿರುವುದಕ್ಕೆ ಕಾರಣ ಆ ಆಟಿಕೆ ರೈಲು.

1934ರಲ್ಲಿ ಡಿಂಕಿ ಕಂಪನಿ ಸರಕು ಹಂಚುವ ವ್ಯಾನುಗಳ ಒಂದು ಸಾಲನ್ನೇ ತಂದಿತು. ಅಚ್ಚು ಒಂದೇ, ಆದರೆ ಪಕ್ಕದಲ್ಲಿ ಬರೆದ ಹೆಸರು ಬೇರೆ ಬೇರೆ: ಒಂದರ ಮೇಲೆ ಸಾಗಣೆ ಕಂಪನಿ, ಒಂದರ ಮೇಲೆ ಪತ್ರಿಕೆ, ಇನ್ನೊಂದರ ಮೇಲೆ ಮಾಂಸದ ತಿನಿಸಿನ ಕಂಪನಿ. ಮಗುವಿಗೆ ಅದು ಆಟಿಕೆ, ಕಂಪನಿಗೆ ಜಾಹೀರಾತು. ಹೀಗೆ ಹೆಸರು ಹಾಕಿಸಿಕೊಂಡವರಲ್ಲಿ ಲಂಡನ್ನಿನ ಒಂದು ಸೈಕಲ್ ಅಂಗಡಿಯೂ ಇತ್ತು. ಆ ಅಂಗಡಿಯ ಹೆಸರಿದ್ದ ಒಂದು ಡಿಂಕಿ ವ್ಯಾನ್ 2008ರ ಹರಾಜಿನಲ್ಲಿ ಸುಮಾರು 20 ಸಾವಿರ ಪೌಂಡಿಗೆ ಹೋಯಿತು. ನಿಜದ ವ್ಯಾನ್ ಕೊಂಡಾಗ ಆ ಅಂಗಡಿಯವನು ಅಷ್ಟು ದುಡ್ಡು ಕೊಟ್ಟಿರಲು ಸಾಧ್ಯವೇ ಇಲ್ಲ.

ಬೆಲೆ ಏರಲು ಇನ್ನೊಂದು ಕಾರಣವೂ ಇದೆ. ಯುದ್ಧಕ್ಕೆ ಮುಂಚಿನ ಆ ಆಟಿಕೆಗಳ ಸತುವಿನ ಎರಕದಲ್ಲಿ ಎಷ್ಟೋ ಸಲ ಕಲಬೆರಕೆ ಸೇರಿತ್ತು. ವರ್ಷಗಳು ಕಳೆದಂತೆ ಅಂಥ ಲೋಹ ಒಳಗಿಂದಲೇ ಬಿರಿದು ಪುಡಿಯಾಗುತ್ತದೆ. ನಿಜದ ಲಾರಿಯನ್ನು ತುಕ್ಕು ತಿಂದಂತೆ ಆಟಿಕೆಯನ್ನೂ ಕಾಲ ತಿಂದಿತು. ಉಳಿದದ್ದು ಕೆಲವೇ.

ಈ ಕಥೆಗೆ ಭಾರತದ ನಂಟೂ ಉಂಟು. ಇಂಗ್ಲೆಂಡಿನಲ್ಲಿ ಬಳಸಿ ಮುಗಿದ ಡಿಂಕಿ ಅಚ್ಚುಗಳಲ್ಲಿ ಕೆಲವನ್ನು 1960ರ ದಶಕದ ಕೊನೆಗೆ ಕಲ್ಕತ್ತದ ಒಂದು ಕಂಪನಿ ಕೊಂಡುಕೊಂಡಿತು. ಅದೇ ಅಚ್ಚಿನಿಂದ ತೆಗೆದ ಗಾಡಿಗಳು ಇಲ್ಲಿ 'ನಿಕ್ಕಿ ಟಾಯ್ಸ್' ಎಂಬ ಹೆಸರಿನಲ್ಲಿ ಮಾರಾಟವಾದವು. ಇಂದು ಹೊರದೇಶದ ಸಂಗ್ರಹಕಾರರು ಅವನ್ನೂ ಹುಡುಕುತ್ತಾರೆ.

ಡೈಯರ್ಸ್‌ವಿಲ್ ಎಂಬ ರೈತರ ಊರು

ಮತ್ತೆ ಅಮೆರಿಕಕ್ಕೆ ಬರೋಣ. ಅಯೋವ ರಾಜ್ಯ ಎಂದರೆ ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆಯ ನಾಡು. 1945ರಲ್ಲಿ ಅಲ್ಲಿನ ಡುಬ್ಯೂಕ್ ಪಟ್ಟಣದಲ್ಲಿ ಫ್ರೆಡ್ ಅರ್ಟಲ್ ಎಂಬ ಎರಕದ ಕೆಲಸಗಾರನಿಗೆ ಕೆಲಸ ಇಲ್ಲದಂತಾಯಿತು. ಮನೆ ತುಂಬ ಮಕ್ಕಳು. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ, ಮರಳಿನ ಅಚ್ಚು ಮಾಡಿ ಲೋಹ ಹೊಯ್ಯುವುದು. ಯುದ್ಧ ಮುಗಿದು ಬೇಡವಾಗಿದ್ದ ವಿಮಾನದ ಅಲ್ಯೂಮಿನಿಯಂ ಪಿಸ್ಟನ್ನುಗಳನ್ನು ತಂದು, ಮನೆಯ ನೆಲಮಾಳಿಗೆಯಲ್ಲೇ ಕರಗಿಸಿ, ಆಟಿಕೆ ಟ್ರ್ಯಾಕ್ಟರ್ ಎರಕ ಹೊಯ್ದ. ಮನೆಮಂದಿಯೆಲ್ಲ ಕೂತು ಬಣ್ಣ ಬಳಿದರು, ಗಾಲಿ ಕೂಡಿಸಿದರು.

ಅರ್ಟಲ್ ಹಿಡಿದ ದಾರಿ ಜಾಣತನದ್ದು. ಟ್ರ್ಯಾಕ್ಟರ್ ಕಂಪನಿಗಳ ಬಳಿಗೇ ಹೋಗಿ, ನಿಮ್ಮ ನಕ್ಷೆ ಕೊಡಿ, ಅದೇ ಅಳತೆಯಲ್ಲಿ ಚಿಕ್ಕದು ಮಾಡಿಕೊಡುತ್ತೇನೆ ಎಂದ. ಕಂಪನಿಗಳಿಗೂ ಅದು ಬೇಕಿತ್ತು. ರೈತ ಟ್ರ್ಯಾಕ್ಟರ್ ಕೊಳ್ಳಲು ಬಂದಾಗ ಅವನ ಮಗನ ಕೈಗೆ ಅದೇ ಬಣ್ಣದ ಆಟಿಕೆ ಸಿಕ್ಕರೆ, ಇಪ್ಪತ್ತು ವರ್ಷದ ನಂತರ ಆ ಮಗನೂ ಅದೇ ಬಣ್ಣದ ಟ್ರ್ಯಾಕ್ಟರ್ ಕೇಳುತ್ತಾನೆ. ಜಾನ್ ಡಿಯರ್ ಎಂದರೆ ಹಸಿರು, ಇಂಟರ್‌ನ್ಯಾಷನಲ್ ಎಂದರೆ ಕೆಂಪು. ಮನೆತನಗಳು ಬಣ್ಣದ ಮೇಲೆ ಪಕ್ಷ ಕಟ್ಟಿದವು.

ಆ ಕೆಂಪು ನಮಗೂ ಪರಿಚಯದ್ದೇ. 1963ರಲ್ಲಿ ಮಹೀಂದ್ರ, ವೋಲ್ಟಾಸ್ ಮತ್ತು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸೇರಿ ಭಾರತದಲ್ಲಿ ಬಿ-275 ಟ್ರ್ಯಾಕ್ಟರ್ ತಂದವು. ನಮ್ಮ ಹಳ್ಳಿಗಳಲ್ಲಿ ಓಡಿದ ಎಷ್ಟೋ ಕೆಂಪು ಟ್ರ್ಯಾಕ್ಟರುಗಳ ಬೇರು ಅಲ್ಲಿದೆ.

1959ರಲ್ಲಿ ಅರ್ಟಲ್ ಕಾರ್ಖಾನೆ ಡೈಯರ್ಸ್‌ವಿಲ್ ಎಂಬ ಊರಿಗೆ ಬಂತು. ಇಂದಿಗೂ ಸುಮಾರು ನಾಲ್ಕು ಸಾವಿರದಷ್ಟೇ ಜನ ಇರುವ ಊರು. ಹೊಲದ ಆಟಿಕೆಗಳಿಗೆ ಅಲ್ಲಿ ನೆಲೆಯಾದ ಅಳತೆ 1:16. ನಿಜದ ಗಾಡಿ 16 ಅಡಿ ಇದ್ದರೆ ಆಟಿಕೆ ಒಂದು ಅಡಿ. ಮಗು ಅಂಗಳದ ಮಣ್ಣಿನಲ್ಲಿ ಎರಡೂ ಕೈಯಲ್ಲಿ ಹಿಡಿದು ತಳ್ಳಲು ಹದವಾದ ಗಾತ್ರ.

ಟ್ರ್ಯಾಕ್ಟರಿನ ಹಿಂದೆ ಟ್ರಕ್ಕೂ ಬಂತು. 1980ರ ದಶಕದ ಆರಂಭದಲ್ಲಿ ಅರ್ಟಲ್ ಕಂಪನಿ 1913ರ ಫೋರ್ಡ್ ಮಾಡೆಲ್ ಟಿ ವ್ಯಾನನ್ನು ಹುಂಡಿಯಾಗಿ ಮಾಡಿತು. ಮೇಲೆ ಕಾಸು ಹಾಕಲು ಒಂದು ಸೀಳು, ಪಕ್ಕದಲ್ಲಿ ಅಂಗಡಿ ಅಥವಾ ಕಂಪನಿಯ ಹೆಸರು. ಹಾರ್ಡ್‌ವೇರ್ ಅಂಗಡಿಗಳು, ಎಣ್ಣೆ ಕಂಪನಿಗಳು ತಮ್ಮ ಹೆಸರಿನಲ್ಲಿ ಮಾಡಿಸಿಕೊಂಡವು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ, ಮ್ಯಾಚ್‌ಬಾಕ್ಸ್ ಆಟಿಕೆಗಳ ಹಿಂದಿನ ಕೈಯಾದ ಜ್ಯಾಕ್ ಓಡೆಲ್, 1982ರಲ್ಲಿ ತನ್ನ ಹೆಸರನ್ನೇ ತಿರುಗಿಸಿ ಬರೆದು ಲೆಡೋ ಎಂಬ ಕಂಪನಿ ಕಟ್ಟಿ, ಹಳೆಯ ಕಾಲದ ವ್ಯಾನುಗಳನ್ನೇ ಮಾಡತೊಡಗಿದ.

ಹೊಲ ಹರಾಜಿಗೆ, ಆಟಿಕೆ ಗಾಜಿನ ಪೆಟ್ಟಿಗೆಗೆ

ಹುಂಡಿ ವ್ಯಾನುಗಳು ಮಾರಾಟವಾಗುತ್ತಿದ್ದ ಅದೇ ವರ್ಷಗಳಲ್ಲಿ ಅಯೋವದ ರೈತರು ಮುಳುಗುತ್ತಿದ್ದರು. 1970ರ ದಶಕದಲ್ಲಿ ಧಾನ್ಯಕ್ಕೆ ಒಳ್ಳೆಯ ಬೆಲೆ ಇತ್ತು. ಭೂಮಿಯ ಬೆಲೆ ಏರುತ್ತಲೇ ಇತ್ತು. ಸಾಲ ಮಾಡಿ ಹೊಲ ಕೊಳ್ಳಿ, ಯಂತ್ರ ಕೊಳ್ಳಿ ಎಂದು ಎಲ್ಲರೂ ಹೇಳಿದರು. 1979ರಿಂದ ಬಡ್ಡಿ ದರ ಜಿಗಿಯಿತು. 1980ರಲ್ಲಿ ಸೋವಿಯತ್ ದೇಶಕ್ಕೆ ಧಾನ್ಯ ಮಾರುವುದನ್ನು ಅಮೆರಿಕ ಸರ್ಕಾರವೇ ತಡೆಯಿತು. ಅಯೋವದಲ್ಲಿ 1981ರಲ್ಲಿ ಸರಾಸರಿ ಎಕರೆಗೆ 2,147 ಡಾಲರ್ ಇದ್ದ ಭೂಮಿ 1986ರಲ್ಲಿ 787 ಡಾಲರಿಗೆ ಇಳಿಯಿತು. ಸಾಲ ಮಾತ್ರ ಹಳೆಯ ಬೆಲೆಯ ಮೇಲಿನದೇ.

ಬ್ಯಾಂಕಿನವರು ಬಂದರು. ಹೊಲ, ಮನೆ, ಟ್ರ್ಯಾಕ್ಟರ್, ಟ್ರಕ್ ಎಲ್ಲ ಅಂಗಳದಲ್ಲೇ ಹರಾಜಾದವು. ಪ್ರತಿಭಟನೆ ಮಾಡಿದವರು ನ್ಯಾಯಾಲಯದ ಮುಂದಿನ ಹುಲ್ಲಿನ ಮೇಲೆ ಬಿಳಿ ಶಿಲುಬೆ ನೆಟ್ಟರು, ಕಳೆದುಹೋದ ಹೊಲಗಳ ಲೆಕ್ಕಕ್ಕೆ. 1985ರ ಸೆಪ್ಟೆಂಬರಿನಲ್ಲಿ ಇಲಿನಾಯ್‌ನಲ್ಲಿ ರೈತರ ನೆರವಿಗೆಂದು ಹಾಡುಗಾರರು 'ಫಾರ್ಮ್ ಏಡ್' ಎಂಬ ದೊಡ್ಡ ಕಾರ್ಯಕ್ರಮ ನಡೆಸಿದರು. ಟ್ರ್ಯಾಕ್ಟರ್ ಕಂಪನಿಗಳೂ ಉಳಿಯಲಿಲ್ಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1975ರಲ್ಲೇ ಪಿಕಪ್ ತಯಾರಿಕೆ ನಿಲ್ಲಿಸಿತ್ತು. 1985ರ ಹೊತ್ತಿಗೆ ಅದರ ಟ್ರ್ಯಾಕ್ಟರ್ ವಿಭಾಗವೂ ಬೇರೆಯವರ ಕೈಗೆ ಹೋಯಿತು.

ಮರುವರ್ಷ, 1986ರಲ್ಲಿ, ಡೈಯರ್ಸ್‌ವಿಲ್‌ನಲ್ಲಿ ಕೃಷಿ ಆಟಿಕೆಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಇಂದಿಗೂ ಪ್ರತಿ ನವೆಂಬರಿನಲ್ಲಿ ಆ ಊರಿನಲ್ಲಿ ಕೃಷಿ ಆಟಿಕೆಗಳ ಜಾತ್ರೆಯೇ ನಡೆಯುತ್ತದೆ.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಲ ಇದ್ದಾಗ ಆಟಿಕೆ ಮಗುವಿನದು, ಮಣ್ಣಿನಲ್ಲಿ ಆಡಿ ಮುರಿಯುವಂಥದ್ದು. ಹೊಲ ಹೋದ ಮೇಲೆ ಅದು ದೊಡ್ಡವರದಾಯಿತು, ಡಬ್ಬಿ ಬಿಚ್ಚದೆ ಎತ್ತಿಡುವಂಥದ್ದು. ಅಪ್ಪನ ಟ್ರಕ್ ಹರಾಜಾದ ಮನೆಯ ಮಗ ಪಟ್ಟಣದಲ್ಲಿ ಕೆಲಸ ಹಿಡಿದು, ಅದೇ ವರ್ಷದ, ಅದೇ ಬಣ್ಣದ ಟ್ರಕ್ ಮಾದರಿ ಕೊಂಡು ಕಪಾಟಿನಲ್ಲಿಟ್ಟರೆ ಅದನ್ನು ಬರೀ ಹವ್ಯಾಸ ಎನ್ನಲಾಗದು.

ಆಟಿಕೆಯ ಕೆಲಸವೂ ಕೊನೆಗೆ ಅದೇ ದಾರಿ ಹಿಡಿಯಿತು. ಅರ್ಟಲ್ ಕಂಪನಿ ಕೈಯಿಂದ ಕೈಗೆ ಮಾರಾಟವಾಗಿ, ತಯಾರಿಕೆ ಚೀನಾಕ್ಕೆ ಹೋಯಿತು. ಅಯೋವದ ಹೊಲದ ನೆನಪು ಈಗ ಹಡಗಿನಲ್ಲಿ ಬರುತ್ತದೆ.

ಮಾದರಿಯ ನಿಜ, ಮಾದರಿಯ ಸುಳ್ಳು

ಮಾದರಿಯನ್ನು ಚರಿತ್ರೆ ಎಂದು ನಂಬಬಹುದೇ? ಅರ್ಧ ನಂಬಬಹುದು.

ಅಳತೆ ನಂಬಬಹುದು. ಮಾಡೆಲ್ ಟಿ ಕಾರಿನ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 100 ಇಂಚು. 1:25 ಮಾದರಿಯಲ್ಲಿ ಅದು 4 ಇಂಚು ಇರಲೇಬೇಕು, 1:16ರಲ್ಲಿ ಆರೂಕಾಲು ಇಂಚು. ಒಳ್ಳೆಯ ಮಾದರಿಯಲ್ಲಿ ಈ ಲೆಕ್ಕ ತಪ್ಪುವುದಿಲ್ಲ.

ಆದರೆ ಪಕ್ಕದಲ್ಲಿ ಬರೆದ ಹೆಸರು ನಂಬಲಾಗದು. 1913ರ ವ್ಯಾನಿನ ಮೇಲೆ ಆಗಿನ್ನೂ ಹುಟ್ಟೇ ಇರದ ಕಂಪನಿಯ ಹೆಸರೂ ಇರಬಹುದು. ದುಡ್ಡು ಕೊಟ್ಟವರ ಹೆಸರು ಬಿತ್ತು, ಅಷ್ಟೆ. ಬಣ್ಣವೂ ನಂಬಲಾಗದು. 1914ರಿಂದ ಹತ್ತು ಹನ್ನೆರಡು ವರ್ಷ ಮಾಡೆಲ್ ಟಿ ಕಾರ್ಖಾನೆಯಿಂದ ಬಂದದ್ದು ಕಪ್ಪು ಬಣ್ಣದಲ್ಲಿ ಮಾತ್ರ. ಕಪಾಟಿನಲ್ಲಿ ಮಾತ್ರ ಕೆಂಪು, ಹಳದಿ, ನೀಲಿ ಎಲ್ಲ ಇವೆ.

ಎಲ್ಲಕ್ಕಿಂತ ದೊಡ್ಡ ಸುಳ್ಳು ಹೊಳಪು. ಹೊಲದ ಟ್ರಕ್ ಹೊಳೆಯುವುದಿಲ್ಲ. ಅದರ ತೊಟ್ಟಿಯಲ್ಲಿ ಹೊಟ್ಟು ಇರುತ್ತದೆ, ಡಾಲಾ ಬಾಗಿರುತ್ತದೆ, ಒಂದು ಬಾಗಿಲು ಬೇರೆ ಗಾಡಿಯದು. ಇದನ್ನು ಅರಿತ ಕೆಲವು ಹವ್ಯಾಸಿಗಳು ಹೊಸ ಮಾದರಿ ಕೊಂಡು ಬೇಕೆಂದೇ ಹಳೆಯದು ಮಾಡುತ್ತಾರೆ. 1950ರ ಶೆವ್ರೊಲೆ ಪಿಕಪ್, 1953ರ ಫೋರ್ಡ್ ಪಿಕಪ್‌ಗಳ ಪ್ಲಾಸ್ಟಿಕ್ ಕಿಟ್ಟುಗಳು 1:25 ಅಳತೆಯಲ್ಲಿ ಬಂದಿವೆ. ಅವನ್ನು ಜೋಡಿಸಿ, ತುಕ್ಕಿನ ಬಣ್ಣ ಹಚ್ಚಿ, ಮಡ್‌ಗಾರ್ಡಿಗೆ ಕೆಸರು ಬಳಿದು, ಹಲಗೆಯ ಅಂಚು ಸವೆಸಿ, ತೊಟ್ಟಿಯಲ್ಲಿ ನಾರಿನ ಹುಲ್ಲು ಇಡುತ್ತಾರೆ. ತುಕ್ಕು ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಎಂಬುದು ನಿಜದ ಟ್ರಕ್ ಕಂಡವನಿಗೆ ಮಾತ್ರ ಗೊತ್ತು. ಹಾಗಾಗಿ ಅವರಿಗೆ ಬೇಕಾಗುವುದು ಕಂಪನಿಯ ಜಾಹೀರಾತಿನ ಚಿತ್ರವಲ್ಲ, ಯಾರೋ ರೈತ ತನ್ನ ಮನೆಯ ಮುಂದೆ ತೆಗೆಸಿಕೊಂಡ ಹಳೆಯ ಫೋಟೊ.

ನಮ್ಮ ಲಾರಿಗಳ ಲೆಕ್ಕ ಯಾರ ಬಳಿ ಇದೆ?

ನಮ್ಮ ರಸ್ತೆಗಳಲ್ಲೂ ಒಂದು ಚರಿತ್ರೆ ಓಡಿಹೋಗಿದೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿದ ಡಾಡ್ಜ್, ಫಾರ್ಗೊ ಲಾರಿಗಳು. ಹಿಂದೂಸ್ತಾನ್ ಮೋಟರ್ಸ್‌ನ ಬೆಡ್‌ಫೋರ್ಡ್. ಮದ್ರಾಸಿನ ಎನ್ನೂರಿನ ಲೇಲ್ಯಾಂಡ್ ಕಾಮೆಟ್. 1954ರಿಂದ ಟಾಟಾ ಕಂಪನಿ ಜರ್ಮನಿಯ ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ತಯಾರಿಸಿದ ಲಾರಿಗಳು. ಆ ಒಪ್ಪಂದ 1969ರಲ್ಲಿ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ ಟಿ ಅಕ್ಷರ ಬಂದರೂ, ಜನರ ಬಾಯಲ್ಲಿ ಅದು ಬೆಂಜ್ ಲಾರಿಯಾಗಿಯೇ ಬಹುಕಾಲ ಉಳಿಯಿತು.

ಇವುಗಳ ಎಂಜಿನ್ನಿನ ವಿವರ ಕಂಪನಿಯ ಪುಸ್ತಕಗಳಲ್ಲಿ ಸಿಗಬಹುದು. ಆದರೆ ಬಾಡಿ? ಹಲಗೆ ಎಷ್ಟು ಎತ್ತರ, ಚಾಲಕನ ತಲೆಯ ಮೇಲೆ ಯಾವ ದೇವರ ಹೆಸರು, ಹಿಂದಿನ ಡಾಲಾದ ಮೇಲೆ ಯಾವ ಚಿತ್ರ, ಅದನ್ನು ಬರೆದ ಪೇಂಟರ್ ಯಾರು? ಮಾಡೆಲ್ ಟಿಟಿಯ ಬಡಗಿಗೆ ಆದದ್ದೇ ನಮ್ಮ ಬಡಗಿಗೂ ಪೇಂಟರಿಗೂ ಆಗುತ್ತಿದೆ.

ಸಮಯವೂ ಹೆಚ್ಚಿಲ್ಲ. ಕೇಂದ್ರ ಸರ್ಕಾರದ ವಾಹನ ಗುಜರಿ ನೀತಿ 2021ರಲ್ಲಿ ಬಂತು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ಮುಂದುವರಿಯುವುದಿಲ್ಲ. ಖಾಸಗಿಯವರ ಹಳೆಯ ಲಾರಿಗಳು ಫಿಟ್‌ನೆಸ್ ಪರೀಕ್ಷೆ ಪಾಸಾಗದಿದ್ದರೆ ಗುಜರಿಯೇ ಗತಿ. ಹೊಗೆ, ಅಪಘಾತ, ಡೀಸೆಲ್ ಖರ್ಚು ನೋಡಿದರೆ ಈ ನೀತಿಗೆ ಕಾರಣಗಳಿವೆ. ಲಾರಿ ಹೋಗಲಿ. ಆದರೆ ಅಳತೆ ಯಾಕೆ ಹೋಗಬೇಕು?

ಅದಕ್ಕೆ ಕಾರ್ಖಾನೆ ಬೇಡ, ಕೈಯಲ್ಲಿರುವ ಫೋನ್ ಮತ್ತು ಒಂದು ಟೇಪು ಸಾಕು. ನಿಮ್ಮ ಊರಿನಲ್ಲಿ ಹಳೆಯ ಲಾರಿಯೋ ಟೆಂಪೋವೋ ನಿಂತಿದ್ದರೆ ಯಜಮಾನರನ್ನು ಕೇಳಿ ಹೀಗೆ ಮಾಡಿ:

- ಮುಂದೆ, ಹಿಂದೆ, ಎಡ, ಬಲ, ನಾಲ್ಕೂ ಕಡೆ ನೇರವಾಗಿ ನಿಂತು ಫೋಟೊ ತೆಗೆಯಿರಿ. ಓರೆಯಾಗಿ ತೆಗೆದ ಫೋಟೊದಲ್ಲಿ ಅಳತೆ ಸಿಗುವುದಿಲ್ಲ.
- ಒಂದು ಫೋಟೊದಲ್ಲಿ ಲಾರಿಗೆ ಒರಗಿಸಿ ಅಳತೆ ಗೊತ್ತಿರುವ ಕೋಲು ಇಡಿ. ಉಳಿದ ಅಳತೆಗಳನ್ನು ಅದರಿಂದಲೇ ಲೆಕ್ಕ ಹಾಕಬಹುದು.
- ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಟೇಪು ಹಿಡಿಯಿರಿ. ಆಮೇಲೆ ಒಟ್ಟು ಉದ್ದ, ಅಗಲ, ಎತ್ತರ, ಹಲಗೆಯ ಎತ್ತರ ಬರೆದುಕೊಳ್ಳಿ.
- ಬರಹ, ಚಿತ್ರ, ಬಣ್ಣ ಹತ್ತಿರದಿಂದ ತೆಗೆಯಿರಿ. ತುಕ್ಕನ್ನೂ ಬಿಡಬೇಡಿ.
- ಬಾಡಿ ಕಟ್ಟಿದವರು ಯಾರು, ಯಾವ ವರ್ಷ, ಏನು ಸಾಗಿಸುತ್ತಿದ್ದರು ಎಂದು ಓಡಿಸಿದವರನ್ನೇ ಕೇಳಿ, ಅವರ ದನಿ ರೆಕಾರ್ಡ್ ಮಾಡಿ.

ಇಷ್ಟಿದ್ದರೆ ನಾಳೆ ಯಾವ ಹುಡುಗಿಯೋ ಹುಡುಗನೋ ರಟ್ಟಿನಲ್ಲೋ ಮರದಲ್ಲೋ ಆ ಲಾರಿಯನ್ನು ಮತ್ತೆ ಕಟ್ಟಬಹುದು. 25ರಿಂದ ಭಾಗಿಸಿದರೆ ಮೇಜಿನ ಮೇಲೆ ನಿಲ್ಲುತ್ತದೆ, 43ರಿಂದ ಭಾಗಿಸಿದರೆ ಅಂಗೈ ಮೇಲೆ ನಿಲ್ಲುತ್ತದೆ.

ಡೈಯರ್ಸ್‌ವಿಲ್‌ನಲ್ಲಿ ಆ ಕೆಲಸವನ್ನು ಕಂಪನಿಗಳು ಮಾಡಿದವು, ಹಾಗಾಗಿ ಉಳಿದದ್ದು ಕಂಪನಿಗಳಿಗೆ ಬೇಕಾದ ನೆನಪು: ಹೊಸ ಬಣ್ಣ, ಹೊಳೆಯುವ ಹೆಸರು. ನಮ್ಮ ಲಾರಿಗಳ ನೆನಪನ್ನು ಓಡಿಸಿದವರು, ಮೂಟೆ ಹೊತ್ತವರು, ಬಾಡಿ ಕಟ್ಟಿದವರು ಬರೆದಿಟ್ಟರೆ ಅದರಲ್ಲಿ ತುಕ್ಕೂ ಇರುತ್ತದೆ, ಕೂಲಿಯ ಲೆಕ್ಕವೂ ಇರುತ್ತದೆ.